ಮಾತ್ರೆಗೂ ಏಕಾದಶಿ

ಇವತ್ತು ಬೆಳಿಗ್ಗೆ ನನ್ನ ಮೊಮ್ಮಗಳಿಗೆ ನಾನೇ ನೀರು ಹಾಕಿದೆ!

ನಾನೇ. ನನ್ನ ಈ ಎರಡು ಕಾಲುಗಳ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಹದಿನೆಂಟು ತಂಬಿಗೆ ಬೆಚ್ಚನೆಯ ನೀರು ಹುಯ್ದೆ. ಮಗು ಅಳಲೇ ಇಲ್ಲ. ಅಳಲೇ ಇಲ್ಲ ಅಂದರೆ ಸುಳ್ಳಾಗುತ್ತದೆ, ತಲೆಗೆ ನೀರು ಬಿದ್ದಾಗ ಒಂದು ಸಲ ಬಾಯಿ ತೆರೆಯಿತು. ಆದರೆ ನನ್ನ ಮುಖ ನೋಡಿ, ಇವಳ ಹತ್ತಿರ ಅತ್ತು ಪ್ರಯೋಜನವಿಲ್ಲ ಅನ್ನುವ ಹಾಗೆ ಮುಚ್ಚಿಕೊಂಡಿತು.

ನಮ್ಮ ಶಂಕರಪುರದ ರಸ್ತೆಯಲ್ಲಿ ಈ ಸುದ್ದಿ ಕೇಳದವರು ಈಗ ಯಾರೂ ಉಳಿದಿಲ್ಲ. ಸೊಪ್ಪಿನವಳಿಗೆ ಹೇಳಿದೆ. ಇಸ್ತ್ರಿಯವನಿಗೆ ಹೇಳಿದೆ. ಗ್ಯಾಸ್ ಸಿಲಿಂಡರ್ ತಂದವನಿಗೆ ಹೇಳಿದೆ. ಅವನು "ಓಟಿಪಿ ಹೇಳಿ ಅಜ್ಜಿ" ಅಂದ. ಓಟಿಪಿಯನ್ನೂ ಹೇಳಿದೆ, ಸುದ್ದಿಯನ್ನೂ ಹೇಳಿದೆ. ಇನ್ನು ಹೇಳಿಕೊಳ್ಳಲು ಜನ ಸಾಲದೆ ಬರೆಯಲು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ದೊಡ್ಡದಾಗಿ ಬಂದರೆ, ಸಾಲು ಮೇಲೆ ಕೆಳಗೆ ಆದರೆ, ಅದು ಖುಷಿಗೆ ಅಂದುಕೊಳ್ಳಿ.

ಅಜ್ಜಿ ಅಂದಮೇಲೆ ಮೊಮ್ಮಗಳಿಗೆ ನೀರು ಹಾಕುತ್ತಾಳೆ, ಅದರಲ್ಲೇನು ವಿಶೇಷ ಅನ್ನುತ್ತೀರಾ? ಈ ಮಗು ನಮ್ಮ ಮನೆಗೆ ಬಂದು ಎರಡೂವರೆ ತಿಂಗಳಾಯಿತು. ಅಷ್ಟು ದಿನವೂ ನಾನು ಬಚ್ಚಲುಮನೆಯ ಹೊರಗೆ ಸ್ಟೂಲಿನ ಮೇಲೆ ಕೂತು ನೀರಿನ ಸದ್ದು ಕೇಳಿದವಳು. ಒಳಗೆ ಬಿಡುತ್ತಿರಲಿಲ್ಲ. ಯಾಕೆ ಬಿಡುತ್ತಿರಲಿಲ್ಲ ಅನ್ನುವುದೇ ಈ ಕಥೆ.

ನನಗೆ ಎರಡು ಗಂಡು, ಒಂದು ಹೆಣ್ಣು. ಗಂಡುಮಕ್ಕಳಿಬ್ಬರೂ ಬಸವನಗುಡಿಯಲ್ಲೇ ಬೇರೆ ಬೇರೆ ಮನೆ ಮಾಡಿಕೊಂಡಿದ್ದಾರೆ, ಮೂರು ಮೊಮ್ಮಕ್ಕಳು, ಮೂರೂ ಗಂಡು. ಮಗಳನ್ನು ಮಲ್ಲೇಶ್ವರಕ್ಕೆ ಕೊಟ್ಟಿದ್ದೇವೆ. ಮದುವೆಯಾಗಿ ಎಂಟು ವರ್ಷದ ಮೇಲೆ ಅವಳಿಗೆ ಬಸಿರು ನಿಂತಿತು. ಚೊಚ್ಚಲ ಬಾಣಂತನ ತವರಿನಲ್ಲಿ, ಅಂದರೆ ನಮ್ಮ ಮನೆಯಲ್ಲಿ. ಮಗುವಿಗೆ ಐದು ತಿಂಗಳು ತುಂಬಿದರೆ ಅವಳು ಅದನ್ನು ಎತ್ತಿಕೊಂಡು ಮಲ್ಲೇಶ್ವರಕ್ಕೆ ಹೊರಡುತ್ತಾಳೆ. ಎಷ್ಟು ದೂರ, ಇಲ್ಲೇ ಅಲ್ಲವೇ ಅನ್ನಬೇಡಿ. ಈಗಿನ ಟ್ರಾಫಿಕ್ಕಿನಲ್ಲಿ ಮಲ್ಲೇಶ್ವರಕ್ಕಿಂತ ಮಂತ್ರಾಲಯ ಹತ್ತಿರ. ಹಾಗಾಗಿ ಕತ್ತು ನಿಲ್ಲುವ ಮುಂಚಿನ ಆ ಎಳೆ ಮೈಯನ್ನು ಎರೆದು ನೀವಲು ನನಗಿದ್ದದ್ದು ಕೆಲವೇ ತಿಂಗಳು. ಅದಕ್ಕಾಗಿ ನಾನು ಎಂಟು ವರ್ಷದಿಂದ ಅಟ್ಟದ ಮೇಲೆ ಮಣೆ, ತಂಬಿಗೆ, ಹರಳೆಣ್ಣೆಯ ಗಿಂಡಿ ಎಲ್ಲವನ್ನೂ ಬಟ್ಟೆ ಸುತ್ತಿ ಇಟ್ಟುಕೊಂಡಿದ್ದೆ.

ಇಷ್ಟರಲ್ಲಿ ನನ್ನ ಎದೆಯ ಗಲಾಟೆ ಶುರುವಾಗಿತ್ತು.

ಕಳೆದ ಗೌರಿ ಹಬ್ಬಕ್ಕೆ ಒಬ್ಬಟ್ಟು ತಟ್ಟುತ್ತಿದ್ದಾಗ ಎದೆ ಇದ್ದಕ್ಕಿದ್ದಂತೆ ಡವಡವ ಹೊಡೆದುಕೊಳ್ಳಲು ಹಿಡಿಯಿತು. ಚಾಮರಾಜಪೇಟೆಯ ಡಾಕ್ಟರಮ್ಮ ಎದೆಗೆ ವೈರು ಅಂಟಿಸಿ, ಉದ್ದನೆಯ ಕಾಗದ ತೆಗೆದು, ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಬೆಳಿಗ್ಗೆ ತಿಂಡಿ ಆದಮೇಲೆ, ದಿನವೂ ಒಂದೇ ಹೊತ್ತಿಗೆ. ಮಾತ್ರೆಯ ಹೆಸರು ನನ್ನ ಬಾಯಿಗೆ ಹೊರಳಲಿಲ್ಲ. ಅದರ ಜಾತಿಯ ಹೆಸರು ಮಾತ್ರ ಚೆನ್ನಾಗಿ ಹೊರಳಿತು, ಯಾಕೆಂದರೆ ನಾನು ದಿನವೂ ಮಧ್ಯಾಹ್ನ ಹಿಂದಿ ಸೀರಿಯಲ್ ನೋಡುವವಳು.

"ರೀ, ಬೇಟಾ ಅಂದ್ರೆ ಮಗ ಅಲ್ವಾ?" ಅಂತ ನಮ್ಮ ಯಜಮಾನರನ್ನು ಕೇಳಿದೆ.

"ಹೂಂ."

"ಬ್ಲಾಕ್ ಅಂದ್ರೆ?"

"ತಡೆಯೋದು."

"ಬೇಟಾ ಬ್ಲಾಕರ್ ಅಂದ್ರೆ ಮಗ ಹುಟ್ಟೋದನ್ನ ತಡೆಯೋದಾ? ಈ ವಯಸ್ಸಲ್ಲಿ ನಂಗ್ಯಾಕ್ರೀ ಕೊಟ್ರು?"

"ಮುನ್ನೆಚ್ಚರಿಕೆ," ಅಂದರು ಅವರು, ಪೇಪರಿನಿಂದ ತಲೆ ಎತ್ತದೆ.

ನಮ್ಮ ಯಜಮಾನರು ಬಿನ್ನಿಪೇಟೆಯ ಗಿರಣಿಯಲ್ಲಿ ಕೂಲಿಗಳ ಹಾಜರಿ ಬರೆಯುವ ಗುಮಾಸ್ತರಾಗಿದ್ದವರು. ಗಿರಣಿ ಮುಚ್ಚಿ ಎಷ್ಟೋ ಕಾಲವಾದರೂ ಹಾಜರಿ ಹಿಡಿಯುವ ಚಾಳಿ ಹೋಗಿಲ್ಲ. ಹಾಲಿನವನು, ಪೇಪರಿನವನು, ಕೆಲಸದವಳು, ಎಲ್ಲರದೂ ಅಡುಗೆಮನೆಯ ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ಗುರುತು. ಈಗ ನನ್ನ ಮಾತ್ರೆಯದೂ ಸೇರಿತು. ತಿಂಗಳ ಕೊನೆಗೆ ಮಾತ್ರೆಯ ಶೀಟು ಎತ್ತಿ ನೋಡಿ, "ಹಾಜರಿ ಸರಿಯಾಗಿದೆ" ಅನ್ನುತ್ತಿದ್ದರು.

ಮಗನನ್ನು ತಡೆಯುವ ವಿಷಯ ನಾನು ಡಾಕ್ಟರಮ್ಮನ ಹತ್ತಿರವೇ ಕೇಳಿಬಿಟ್ಟೆ. ಮನೆಯಲ್ಲಿ ಬಸುರಿ ಮಗಳಿದ್ದಾಳೆ, ಮಾತ್ರೆಯ ಡಬ್ಬಿಯನ್ನು ದೂರ ಇಡಬೇಕೋ ಏನೋ. ಡಾಕ್ಟರಮ್ಮ ಮೂಗಿನ ಮೇಲಿನ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ಅಷ್ಟು ನಕ್ಕರು.

"ಬೇಟಾ ಅಲ್ಲ ಅಜ್ಜಿ, ಬೀಟಾ. ಓಡು ಓಡು ಅಂತ ಹೃದಯಕ್ಕೆ ಮೈಯೊಳಗಿಂದ ಒಂದು ಸುದ್ದಿ ಹೋಗ್ತಾ ಇರುತ್ತೆ. ಆ ಸುದ್ದೀನ ಈ ಮಾತ್ರೆ ಬಾಗಿಲಲ್ಲೇ ತಡೆಯುತ್ತೆ. ಆಗ ಎದೆ ನಿಧಾನಕ್ಕೆ ಹೊಡ್ಕೊಳುತ್ತೆ. ಆದ್ರೂ ಮಾತ್ರೆ ದೂರಾನೇ ಇಡಿ, ಬೇರೆ ಯಾರ ಕೈಗೂ ಸಿಗ್ಬಾರ್ದು."

ಮಗಳಿಗೆ ಹೆಣ್ಣುಮಗು ಆಯಿತು. ನರ್ಸು ಬಂದು ಹೇಳಿದ ಕೂಡಲೇ ಯಜಮಾನರು ನನ್ನ ಕಿವಿಯಲ್ಲಿ, "ನೋಡಿದ್ಯೇನೇ, ಮಾತ್ರೆ ಒಳ್ಳೇ ಕಂಪನೀದು" ಅಂದರು. ನಾನು ಆಸ್ಪತ್ರೆ ಅನ್ನುವುದನ್ನೂ ಮರೆತು ಜೋರಾಗಿ ನಕ್ಕೆ.

ಪುಣ್ಯಾಹ, ನಾಮಕರಣ ಮುಗಿದವು. ಹದಿಮೂರನೇ ದಿನ ಮಗುವಿಗೆ ನಾನು ಮೊದಲ ಎಣ್ಣೆನೀರು ಹಾಕುವುದು ಅಂತ ಗೊತ್ತಾಯಿತು. ಅವತ್ತು ದ್ವಾದಶಿ. ಬೆಳಿಗ್ಗೆ ಬೇಗ ಪಾರಣೆ ಮುಗಿಸಿದ್ದೆ. ಅಗಸೆಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿ, ಅನ್ನ, ಸಾರು ಎಲ್ಲ ಆಗಿತ್ತು. ಹಿಂದಿನ ದಿನ ಏಕಾದಶಿಯಲ್ಲವೇ, ಒಂದು ಹನಿ ನೀರೂ ಇಳಿಸಿರಲಿಲ್ಲ. ಮದುವೆಯಾಗಿ ಬಂದ ವರ್ಷ ನಮ್ಮ ಅತ್ತೆ ಹಾಕಿಕೊಟ್ಟ ಕ್ರಮ ಅದು, ಐವತ್ತು ವರ್ಷದಿಂದ ಒಂದು ತಪ್ಪಿಲ್ಲ. ನಮ್ಮ ಯಜಮಾನರದು ಬೇರೆ ಥರದ ಏಕಾದಶಿ. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಸಜ್ಜಿಗೆ, ಸಂಜೆ ಬಾಳೆಹಣ್ಣಿನ ರಸಾಯನ, "ಇವತ್ತು ಉಪವಾಸ" ಅನ್ನುವ ಮಾತು ಮೂರು ಹೊತ್ತು.

ಬಿಸಿನೀರು ಬೆರೆಸಿದೆ. ಮಣೆಯ ಮೇಲೆ ಕಾಲು ಚಾಚಿ ಕೂತೆ. ಮಗಳು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನೀರು ಸ್ವಲ್ಪ ಸುಡುತ್ತಿದೆ ಅನ್ನಿಸಿ, ನಲ್ಲಿ ತಿರುಗಿಸಲು ಥಟ್ಟನೆ ಎದ್ದೆ ನೋಡಿ, ಬಚ್ಚಲಿನ ಗೋಡೆ ಒಂದು ಸುತ್ತು ಹೊಡೆಯಿತು. ಆಮೇಲೆ ನಾನು ಇದ್ದದ್ದು ಮಗುವಿಗೆಂದು ಇಟ್ಟಿದ್ದ ದೊಡ್ಡ ಖಾಲಿ ಹಿತ್ತಾಳೆ ಕೊಳದಪ್ಪಲೆಯೊಳಗೆ. ಕೂತ ಹಾಗೆ ಕೂತುಬಿಟ್ಟಿದ್ದೆ, ಬಿಗಿಯಾಗಿ.

"ಅಪ್ಪಾ! ಅಮ್ಮ ಕೊಳದಪ್ಪಲೇಲಿ ಸಿಕ್ಕಾಕೊಂಡಿದಾಳೆ!"

ಯಜಮಾನರು ಓಡಿ ಬಂದು ಎಳೆದರು. ನಾನು ಬಂದೆ, ಕೊಳದಪ್ಪಲೆಯೂ ಜೊತೆಗೆ ಬಂತು. ನನ್ನ ಮೈಗೆ ಏನೂ ಆಗಲಿಲ್ಲ. ಮಗು ಮಗಳ ಕೈಯಲ್ಲೇ ಇತ್ತು. ಆದರೆ ಮಗಳ ಮುಖ ಬಿಳಿಚಿಕೊಂಡಿತ್ತು.

"ಅಮ್ಮ, ಇನ್ನೊಂದು ನಿಮಿಷ ಆಗಿದ್ರೆ ಮಗು ನಿನ್ನ ಕಾಲ್ಮೇಲೆ ಇರ್ತಿತ್ತು," ಅಂದಳು. ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮೆತ್ತಗೆ ಹೇಳಿದಳು. "ನೀನು ಹುಷಾರಾಗೋವರೆಗೂ ನೀರು ಹಾಕೋದು ಬೇಡಮ್ಮ. ಎತ್ಕೊಂಡು ಓಡಾಡೋದೂ ಬೇಡ. ಕೂತಿರು, ತೊಡೆ ಮೇಲೆ ಕೊಡ್ತೀನಿ."

ಎಂಟು ವರ್ಷ ಬಟ್ಟೆ ಸುತ್ತಿಟ್ಟಿದ್ದ ತಂಬಿಗೆಯನ್ನು ನಾನು ಮತ್ತೆ ಬಟ್ಟೆ ಸುತ್ತಿ ಇಟ್ಟೆ.

ಮರುದಿನದಿಂದ ಅಕ್ಕಿಪೇಟೆಯ ಒಬ್ಬ ಹೆಂಗಸು ನೀರು ಹಾಕಲು ಬಂದಳು. ಬಾಣಂತಿಯರ ಮನೆಗಳಿಗೆ ಹೋಗಿ ಮಕ್ಕಳಿಗೆ ಎರೆಯುವುದೇ ಅವಳ ಕಸುಬು. ಒಳ್ಳೆಯ ಹೆಂಗಸು, ಕೈಯೂ ಒಳ್ಳೆಯದು, ಅದೇ ನನಗೆ ಆಗದ ವಿಷಯ. ಒಂದು ತಪ್ಪು ಸಿಗಲಿ ಅಂತ ನಾನು ಹೊರಗೆ ಸ್ಟೂಲಿನ ಮೇಲೆ ಕಾದು ಕೂರುತ್ತಿದ್ದೆ.

"ಕಿವಿಗೆ ನೀರು ಹೋಗುತ್ತೆ ಕಣೇ!" ಅಂತ ಕೂಗುತ್ತಿದ್ದೆ.

"ನಾ ಇನ್ನೂ ನೀರೇ ಉಯ್ದಿಲ್ಲ ಕಣಮ್ಮಾ, ಎಣ್ಣೆ ಹಚ್ತಾ ಇವ್ನಿ," ಅನ್ನುತ್ತಿದ್ದಳು ಒಳಗಿನಿಂದ.

ಬಿದ್ದ ಮರುದಿನವೇ ನನ್ನನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿದ್ದರು. ಕೆಲವು ದಿನ ಎದೆ ಓಡುವುದು, ಕೆಲವು ದಿನ ತಲೆ ಸುತ್ತುವುದು, ಎರಡೂ ಅವರಿಗೆ ಒಗಟಾಗಿತ್ತು.

"ಮಾತ್ರೆ ತಪ್ಪಿಸ್ತಿಲ್ಲ ತಾನೆ ಅಜ್ಜಿ?"

"ಛೆ ಛೆ."

"ಹಾಜರಿ ಸರಿಯಾಗಿದೆ ಡಾಕ್ಟ್ರೇ," ಅಂತ ಯಜಮಾನರು ಸಾಕ್ಷಿ ಹೇಳಿದರು. "ಮೂವತ್ತು ದಿನ, ಮೂವತ್ತು ಮಾತ್ರೆ."

ಆಗ ಅವರು, ದಿನವೂ ಬೆಳಿಗ್ಗೆ ಮಾತ್ರೆ ನುಂಗುವ ಮುಂಚೆ ಒಂದು ಸಲ, ಎರಡು ಗಂಟೆ ಬಿಟ್ಟು ಒಂದು ಸಲ, ಸಂಜೆ ಒಂದು ಸಲ ನಾಡಿ ಎಷ್ಟು ಹೊಡೆಯುತ್ತದೆ ಅಂತ ನೋಡಿ ಬರೆದಿಡಿ, ತಿಂಗಳು ಬಿಟ್ಟು ತನ್ನಿ, ನಡುವೆ ಪ್ರಜ್ಞೆ ತಪ್ಪಿದ ಹಾಗೆ ಆದರೆ, ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕಾಯದೆ ಆಸ್ಪತ್ರೆಗೆ ಬನ್ನಿ ಅಂದರು. ಮಗಳು ಬೆರಳಿಗೆ ಸಿಕ್ಕಿಸುವ ಒಂದು ಯಂತ್ರ ತರಿಸಿದಳು. ಬಟ್ಟೆ ಒಣಹಾಕುವ ಕ್ಲಿಪ್ಪಿನ ಹಾಗೇ ಇದೆ, ಒಳಗೆ ಕೆಂಪು ದೀಪ. ಬರೆಯಲು ಒಂದು ನೋಟುಪುಸ್ತಕವನ್ನೂ ಕೊಟ್ಟಳು. ನೋಟುಪುಸ್ತಕ ಹುಡುಕಿ, ಪುಟ ತೆರೆದು, ತಾರೀಖು ಹಾಕಿ ಬರೆಯುವ ವ್ಯವಧಾನ ನನಗೆಲ್ಲಿ? ಒಲೆಯ ಪಕ್ಕದಲ್ಲೇ ಕ್ಯಾಲೆಂಡರು ನೇತಾಡುತ್ತಿತ್ತು. ಆಯಾ ದಿನದ ಚೌಕದಲ್ಲೇ ಬರೆಯತೊಡಗಿದೆ.

ತಿಂಗಳಾದ ಮೇಲೆ ಕ್ಯಾಲೆಂಡರನ್ನೇ ಗೋಡೆಯಿಂದ ತೆಗೆದು, ಸುರುಳಿ ಸುತ್ತಿ, ತರಕಾರಿ ಚೀಲದಲ್ಲಿ ಹಾಕಿಕೊಂಡು ಹೋದೆವು. ನಾನು, ಯಜಮಾನರು. ಡಾಕ್ಟರಮ್ಮ ಅದನ್ನು ಮೇಜಿನ ಮೇಲೆ ಹರಡಿದರು. ಸುರುಳಿಯಾಗದಂತೆ ಒಂದು ಮೂಲೆಗೆ ಎದೆ ನೋಡುವ ಕೊಳವೆ, ಇನ್ನೊಂದು ಮೂಲೆಗೆ ಯಜಮಾನರ ಕೈ.

"ಇದೇನಜ್ಜಿ, ಹದಿನಾಲ್ಕನೇ ತಾರೀಖು 'ಬರಲಿಲ್ಲ' ಅಂತ ಬರೆದಿದೀರಿ? ನಾಡಿ ಬರ್ಲಿಲ್ವಾ?"

"ಅಯ್ಯೋ, ಅದು ಹಾಲಿನವನು."

"ಇಲ್ಲಿ 'ಅರ್ಧ ದಿನ' ಅಂತಿದೆ?"

"ಅದು ಕೆಲಸದವಳು," ಅಂದರು ಯಜಮಾನರು ಗಂಭೀರವಾಗಿ. "ಮಧ್ಯಾಹ್ನ ಪಾತ್ರೆಗೆ ಬರ್ಲಿಲ್ಲ."

ಹಾಲು, ಪಾತ್ರೆ, ಗ್ಯಾಸು ಎಲ್ಲವನ್ನೂ ಬಿಟ್ಟು ನನ್ನ ನಾಡಿಯನ್ನು ಮಾತ್ರ ಹೆಕ್ಕಿಕೊಳ್ಳುವುದು ಅವರಿಗೆ ಸ್ವಲ್ಪ ಕಷ್ಟವಾಯಿತು. ಅರವತ್ತಾರು, ಅರವತ್ತೆಂಟು, ಅರವತ್ತನಾಲ್ಕು, ಹೀಗೆ ನೆಟ್ಟಗೆ ನಡೆದುಕೊಂಡು ಬರುತ್ತಿತ್ತು. ಇದ್ದಕ್ಕಿದ್ದಂತೆ ಒಂದು ಸಂಜೆ ನೂರಾ ಎಂಟು. ಮರುದಿನ ಬೆಳಿಗ್ಗೆ ಹತ್ತಕ್ಕೆ ನಲವತ್ತಾರು. ಮತ್ತೆ ಹದಿಮೂರು ದಿನ ನೆಟ್ಟಗೆ. ಮತ್ತೆ ಒಂದು ಸಂಜೆ ನೂರಾ ಹನ್ನೆರಡು, ಮರುದಿನ ನಲವತ್ತೇಳು.

"ಇಷ್ಟು ಏರುಪೇರಾದ್ರೂ ಯಾಕೆ ಫೋನ್ ಮಾಡ್ಲಿಲ್ಲ?"

ನಾನು ನಿಜ ಹೇಳಿದೆ. ಏಕಾದಶಿಯ ದಿನ ಎದೆ ಹೊಡೆದುಕೊಂಡರೆ ಅದು ಭಕ್ತಿ ಅಂದುಕೊಂಡಿದ್ದೆ. ದ್ವಾದಶಿಗೆ ತಲೆ ತಿರುಗಿದರೆ ಉಪವಾಸದ ನಿಶ್ಶಕ್ತಿ.

ಡಾಕ್ಟರಮ್ಮನ ಕೈಯಲ್ಲಿದ್ದ ಪೆನ್ನು ನಿಂತಿತು. ಕ್ಯಾಲೆಂಡರಿನ ಮೇಲೆ ಬಗ್ಗಿ, ನೂರಾ ಎಂಟರ ಚೌಕದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದ ತಿಥಿಯನ್ನು ಓದಿದರು. ಆಮೇಲೆ ನೂರಾ ಹನ್ನೆರಡರ ಚೌಕ. ಎರಡರಲ್ಲೂ ಏಕಾದಶಿ.

"ಅಜ್ಜಿ, ಏಕಾದಶಿ ದಿನ ಏನ್ ತಿಂತೀರಿ?"

"ಏನೂ ಇಲ್ಲ. ನೀರೂ ಇಲ್ಲ," ಅಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಮತ್ತೆ ಮಾತ್ರೆ?"

"ಮಾತ್ರೆ ನುಂಗೋಕೆ ನೀರು ಬೇಡ್ವಾ ಡಾಕ್ಟ್ರಮ್ಮಾ? ಏಕಾದಶಿ ದಿನ ಎಲ್ಲಿಂದ ಬರುತ್ತೆ ಮಾತ್ರೆ?"

"ತಪ್ಪಿಸ್ತಿಲ್ಲ ಅಂದ್ರಲ್ಲ!"

"ತಪ್ಪಿಸಿಲ್ವಲ್ಲ. ಏಕಾದಶಿ ಊಟ ಬಿಟ್ರೆ ಊಟ ತಪ್ಪಿಸಿದೆ ಅಂತೀವಾ?"

ಈಗಲೂ ನನಗೆ ಆ ಮಾತಿನಲ್ಲಿ ತಪ್ಪು ಕಾಣುವುದಿಲ್ಲ. ಆದರೆ ಯಜಮಾನರು ಮಧ್ಯೆ ಬಾಯಿ ಹಾಕಿದರು. "ಅದು ಹೇಗಾಗುತ್ತೆ? ಶೀಟ್ ನಾನೇ ನೋಡ್ತೀನಿ. ತಿಂಗಳಲ್ಲಿ ಎರಡು ಏಕಾದಶಿ. ಎರಡು ಮಾತ್ರೆ ಉಳೀಬೇಕಿತ್ತಲ್ಲ?"

"ಉಳಿಯೋದು ಹೇಗೆ? ದ್ವಾದಶಿ ಪಾರಣೆಗೆ ಎರಡು ತಗೊಳ್ತೀನಲ್ಲ, ನಿನ್ನೇದೊಂದು, ಇವತ್ತಿಂದೊಂದು."

ಯಜಮಾನರ ಮುಖ ನೋಡಬೇಕಿತ್ತು. ಮೂವತ್ತು ವರ್ಷ ಗಿರಣಿಯಲ್ಲಿ ಒಬ್ಬರ ಹಾಜರಿ ಇನ್ನೊಬ್ಬರು ಹಾಕುವುದನ್ನು ಹಿಡಿದವರು. ಹೆಂಡತಿಯ ಹೊಟ್ಟೆಯಲ್ಲೇ ಅದು ನಡೆದಿತ್ತು.

"ಅಜ್ಜಿ," ಅಂದರು ಡಾಕ್ಟರಮ್ಮ, ನಿಧಾನವಾಗಿ. "ನಾನಿವತ್ತು ಡೋಸ್ ಜಾಸ್ತಿ ಮಾಡೋಣ ಅಂತ ಪೆನ್ ತೆಗೆದಿದ್ದೆ. ಎದೆ ಓಡ್ತಿದೆ, ಮಾತ್ರೆ ಸಾಲ್ತಿಲ್ಲ ಅಂತ. ಜಾಸ್ತಿ ಮಾಡಿದ್ರೆ ದ್ವಾದಶಿ ದಿನ ಏನಾಗ್ತಿತ್ತು ಗೊತ್ತಾ?"

ಆಮೇಲೆ ಅವರು ಹೇಳಿದ್ದು ನನ್ನಂಥವಳಿಗೂ ತಿಳಿಯುವ ಹಾಗಿತ್ತು. ಈ ಮಾತ್ರೆ ಹೃದಯಕ್ಕೆ ಹಾಕಿದ ಕಡಿವಾಣ. ದಿನವೂ ಹಿಡಿದದ್ದನ್ನು ಇದ್ದಕ್ಕಿದ್ದಂತೆ ಬಿಟ್ಟರೆ, ಕಟ್ಟಿ ಹಾಕಿದ್ದ ಕುದುರೆ ಮೊದಲಿಗಿಂತ ಜೋರಾಗಿ ಓಡುತ್ತದೆ. ಕೆಲವರಿಗೆ ಅದು ಎದೆನೋವಿಗೇ ಹೋಗಿ ಮುಟ್ಟುತ್ತದೆ. ಆಮೇಲೆ ಎರಡು ಕಡಿವಾಣ ಒಟ್ಟಿಗೆ ಎಳೆದರೆ ಕುದುರೆ ಮುಗ್ಗರಿಸುತ್ತದೆ. ಮಾತ್ರೆ ನಿಲ್ಲಿಸಬೇಕು ಅನ್ನುವ ಕಾಲ ಬಂದರೂ ನಾವೇ ನಿಲ್ಲಿಸುವಂತಿಲ್ಲ, ಅವರು ಸ್ವಲ್ಪ ಸ್ವಲ್ಪವೇ ಇಳಿಸಿ ಬಿಡಿಸುತ್ತಾರಂತೆ.

"ಮರೆತೇಹೋದ್ರೆ?" ಅಂದೆ.

"ಅದೇ ದಿನ ನೆನಪಾದ್ರೆ ಆಗ ತಗೊಳ್ಳಿ. ಮರುದಿನದ ಹೊತ್ತು ಹತ್ತಿರ ಬಂದಿದ್ರೆ ಹೋಗಿದ್ದು ಹೋಯ್ತು, ಬಿಟ್ಬಿಡಿ. ಎರಡು ಮಾತ್ರ ಯಾವತ್ತೂ ಬೇಡ."

ಈಗ ಎಲ್ಲ ಸತ್ಯ ಹೊರಗೆ ಬರುವ ಹೊತ್ತು ಅಂತ, ಮಾತ್ರೆ ದಪ್ಪ ಅನ್ನಿಸಿದ ಎರಡು ದಿನ ಅದನ್ನು ಬಜೆ ತೇಯುವ ಕಲ್ಲಿನ ಮೇಲೆ ತೇದು ಜೇನುತುಪ್ಪದಲ್ಲಿ ನೆಕ್ಕಿದ್ದನ್ನೂ ಹೇಳಿಬಿಟ್ಟೆ. ಡಾಕ್ಟರಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡರು. ನನಗೆ ಕೊಟ್ಟಿರುವುದು ದಿನವಿಡೀ ಹನಿಹನಿಯಾಗಿ ಬಿಡುವ ಮಾತ್ರೆಯಂತೆ. ತೇದರೆ ಹಂಡೆಯೇ ಬೋರಲಾದ ಹಾಗೆ. "ಅಜ್ಜಿ, ಇನ್ನೇನಾದ್ರೂ ಉಳಿದಿದ್ಯಾ? ಉಪ್ಪಿನಕಾಯಿ ಜೊತೆ ನೆಂಚ್ಕೊಂಡಿದ್ದು, ಹಾಗೇನಾದ್ರೂ?"

ನಾನು ಕೇಳಿದ್ದು ಒಂದೇ. "ಹಾಗಾದ್ರೆ ನನ್ನ ಎದೆ ಕೆಟ್ಟಿಲ್ವಾ? ನಾನು ಮಗೂಗೆ ನೀರು ಹಾಕ್ಬಹುದಾ?"

"ಒಂದು ತಿಂಗಳು ಮಾತ್ರೆ ಸರಿಯಾಗಿ ತಗೊಂಡು ಇದೇ ಕ್ಯಾಲೆಂಡರ್ ತನ್ನಿ. ಎರಡು ಏಕಾದಶಿ ದಾಟ್ಲಿ. ಆಮೇಲೆ ಹೇಳ್ತೀನಿ. ಏಕಾದಶಿ ದಿನಾನೂ ಮಾತ್ರೆ ಬೇಕು, ಒಂದು ಲೋಟ ನೀರಿನ ಜೊತೆ. ಈ ವಯಸ್ಸಲ್ಲಿ ದಿನವಿಡೀ ನೀರಿಲ್ಲದೆ ಇರೋದೂ ನನಗೆ ಸರಿ ಕಾಣಲ್ಲ. ದೇವರ ಕಡೆ ಲೆಕ್ಕ ನಂಗೊತ್ತಿಲ್ಲ, ಅದನ್ನ ನಿಮ್ಮ ಆಚಾರ್ಯರನ್ನೇ ಕೇಳಿ."

ಮನೆಗೆ ಬರುವ ದಾರಿಯೆಲ್ಲ ನನಗೆ ಒಂದೇ ಲೆಕ್ಕ. ಐವತ್ತು ವರ್ಷದ ಏಕಾದಶಿ ಒಂದು ಕಡೆ, ಐವತ್ತು ದಿನವೂ ತುಂಬದ ಮಗು ಒಂದು ಕಡೆ. ಯಾವುದನ್ನು ಬಿಡಲಿ? ಏಕಾದಶಿ ಬಿಟ್ಟರೆ ಅತ್ತೆ ಮೇಲಿನಿಂದ ನೋಡುತ್ತಾರೆ. ಮಗುವನ್ನು ಬಿಟ್ಟರೆ ನಾನೇ ದಿನವೂ ಸ್ಟೂಲಿನ ಮೇಲೆ ಕೂತು ನೋಡಬೇಕು.

ಅವತ್ತು ಸಂಜೆ ನಮ್ಮ ರಸ್ತೆಯ ಕೊನೆಯ ಮಠಕ್ಕೆ ಹೋದೆ. ಆಚಾರ್ಯರು ಕಂಬಕ್ಕೆ ಒರಗಿ ತುಳಸಿ ಬಿಡಿಸುತ್ತಿದ್ದರು. ನನಗಿಂತ ಹಿರಿಯರು, ಮಹಾ ನಿಷ್ಠರು, ಮಡಿಯಲ್ಲಿದ್ದಾಗ ಗಾಳಿ ತಾಗಿದರೂ ಸಿಡುಕುವವರು. ಹೆದರಿಕೊಂಡೇ ಎಲ್ಲ ಹೇಳಿದೆ.

"ಎರಡು ಮಾತ್ರೆ ಒಟ್ಟಿಗೆ ನುಂಗಿದ್ರಾ?" ಅಂದರು ಅವರು, ಶಾಸ್ತ್ರ ಬಿಟ್ಟು ಮೊದಲು ಅದನ್ನೇ. "ಹುಚ್ಚಾ ನಿಮಗೆ? ಔಷಧಿಯಿಂದ ಉಪವಾಸ ಕೆಡೋದಿಲ್ಲಮ್ಮಾ. ಕಾಯಿಲೆಯವರಿಗೆ ನೀರು, ಹಾಲು, ಹಣ್ಣಿಗೂ ದೋಷ ಇಲ್ಲ. ನಿರ್ಜಲ ಮಾಡಿ ಅಂತ ನಿಮ್ಮನ್ನ ಯಾರು ಹಿಡ್ಕೊಂಡಿದಾರೆ?"

"ನಮ್ಮತ್ತೆ."

"ಅವರಿಗೆ ನಾನು ಹೇಳ್ಕೋತೀನಿ, ಬಿಡಿ," ಅಂದವರೇ, ಪಂಚೆಯ ಸೊಂಟದ ಮಡಿಕೆಗೆ ಕೈ ಹಾಕಿ ಏನನ್ನೋ ಹೊರಗೆ ತೆಗೆದರು. ಮಾತ್ರೆಯ ಶೀಟು. "ನಾಲ್ಕು ವರ್ಷದಿಂದ ಇದೇ ಜಾತಿ ಮಾತ್ರೆ ನನಗೂ. ಏಕಾದಶಿ, ಜನ್ಮಾಷ್ಟಮಿ, ಯಾವುದಕ್ಕೂ ಬಿಟ್ಟಿಲ್ಲ. ಮಡಿಯಲ್ಲೂ ಇಲ್ಲೇ ಇರುತ್ತೆ."

ಅತ್ತೆಯ ಜವಾಬ್ದಾರಿಯನ್ನು ಅವರು ವಹಿಸಿಕೊಂಡ ಮೇಲೆ ನನಗೆ ಹಗುರವಾಯಿತು. ಆದರೂ ಮುಂದಿನ ಏಕಾದಶಿ ಬೆಳಿಗ್ಗೆ ಲೋಟ ಎತ್ತಲು ಕೈ ಬರಲಿಲ್ಲ. ಕೊನೆಗೆ ದೇವರ ಮುಂದಿನ ಉದ್ಧರಣೆಯಿಂದ, ತೀರ್ಥ ಕೊಡುವ ಆ ಪುಟ್ಟ ಚಮಚದಿಂದ, ಕುಡಿದೆ. ಯಜಮಾನರು ಪಕ್ಕದಲ್ಲಿ ನಿಂತು ಎಣಿಸಿದರು.

"ಹನ್ನೆರಡು. ಡಾಕ್ಟ್ರು ಒಂದು ಲೋಟ ಅಂದಿದಾರೆ. ಇನ್ನೂ ಕಾಲು ಲೋಟಾನೂ ಆಗಿಲ್ಲ ಕಣೇ."

"ಸುಮ್ನಿರ್ರೀ, ಲೆಕ್ಕ ತಪ್ಪುತ್ತೆ."

ಹೊತ್ತು ಏರಿತು, ಉದ್ಧರಣೆ ಇಳಿಯಿತು, ನಾನೇ ಸೋತು ಲೋಟ ಎತ್ತಿದೆ. ಮಧ್ಯಾಹ್ನ ಹಾಲು, ಬಾಳೆಹಣ್ಣು. ಸಂಜೆ ಕ್ಲಿಪ್ಪು ಹಾಕಿದರೆ ಅರವತ್ತೇಳು. ದ್ವಾದಶಿ ಬೆಳಿಗ್ಗೆ ಒಂದೇ ಮಾತ್ರೆ, ಹತ್ತಕ್ಕೆ ನೋಡಿದರೆ ಅರವತ್ತೈದು. ಯಜಮಾನರು ಆ ಎರಡು ಚೌಕಗಳಿಗೆ ಕೆಂಪು ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿದರು. ಹಾಲಿನವನಿಗೆ ಅಷ್ಟು ಮರ್ಯಾದೆ ಎಂದೂ ಸಿಕ್ಕಿರಲಿಲ್ಲ.

ಆ ತಿಂಗಳಲ್ಲೇ ಇನ್ನೊಂದು ನಡೆಯಿತು. ಅಕ್ಕಿಪೇಟೆಯವಳು ಒಂದು ದಿನ ಮಗುವಿಗೆ ನೀರು ಹಾಕಿ ಬಂದು, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ನನ್ನ ಪಕ್ಕ ನೆಲದ ಮೇಲೆ ಕೂತಳು.

"ಅಮ್ಮಾ, ನಂಗೂ ಮೆಟ್ಲು ಅತ್ತುದ್ರೆ ಎದೆ ಡವಡವ ಅಂತೈತೆ. ನಿಮ್ ಮಾತ್ರೆ ಒಂದು ಕೊಡ್ರಲ್ಲ."

ಹಿಂದಿನ ತಿಂಗಳಾಗಿದ್ದರೆ ಒಂದಲ್ಲ, ಎರಡು ಕೊಟ್ಟುಬಿಡುತ್ತಿದ್ದೆ. ಮಾತ್ರೆಯ ಡಬ್ಬಿಗೆ ಕೈ ಹೋಗಿಯೂ ಹೋಗಿತ್ತು. ಆದರೆ ಬೇರೆ ಯಾರ ಕೈಗೂ ಸಿಗಬಾರದು ಅಂತ ಡಾಕ್ಟರಮ್ಮ ಅಂದದ್ದು ನೆನಪಾಯಿತು. ಅಷ್ಟರಲ್ಲಿ ಅವಳ ಉಸಿರು ನನ್ನ ಕಿವಿಗೆ ಬಿತ್ತು. ಸಣ್ಣಗೆ ಸಿಳ್ಳೆ ಹೊಡೆದ ಹಾಗೆ.

"ನಿಂಗೆ ಉಬ್ಬಸ ಇದ್ಯೇನೇ?"

"ಚಳಿಗಾಲ್ದಲ್ಲಿ ಬತ್ತದೆ. ಯಾಕಮ್ಮಾ?"

"ಏಳು, ಡಾಕ್ಟ್ರ ಹತ್ರ ಹೋಗೋಣ."

ಯಜಮಾನರು ನಮ್ಮಿಬ್ಬರನ್ನೂ ಆಟೋ ಹತ್ತಿಸಿದರು. ಡಾಕ್ಟರಮ್ಮ ಅವಳ ಬೆನ್ನಿಗೆ ಕೊಳವೆ ಇಟ್ಟು ಕೇಳಿ, ನನ್ನ ಕಡೆ ತಿರುಗಿ, "ಕೊಡ್ಲಿಲ್ಲ ತಾನೆ?" ಅಂದರು. ಉಬ್ಬಸ ಇರುವವರಿಗೆ ಈ ಜಾತಿಯ ಮಾತ್ರೆ ಉಸಿರನ್ನೇ ಬಿಗಿದುಬಿಡಬಹುದಂತೆ. ಅವಳಿಗೆ ಉಸಿರಿನ ಜೊತೆ ಎಳೆದುಕೊಳ್ಳುವ ಬೇರೆ ಔಷಧಿ ಬರೆದರು, ರಕ್ತ ಪರೀಕ್ಷೆಗೂ ಕಳಿಸಿದರು. "ಅಜ್ಜಿ, ನೀವಿವತ್ತು ಅರ್ಧ ಡಾಕ್ಟ್ರು," ಅಂದರು. ವಾಪಸು ಬರುವಾಗ ಅವಳು ನನ್ನ ಕೈ ಹಿಡಿದುಕೊಂಡೇ ಇದ್ದಳು. ನನ್ನ ಸಿಟ್ಟೆಲ್ಲ ಆಟೋದಲ್ಲೇ ಇಳಿದುಹೋಯಿತು. ಮರುದಿನದಿಂದ ಸ್ಟೂಲನ್ನು ಬಚ್ಚಲಿನ ಬಾಗಿಲಿಗೆ ಇನ್ನೂ ಹತ್ತಿರ ಅವಳೇ ಎಳೆದು ಹಾಕಿದಳು, ನನಗೆ ಕಾಣಲಿ ಅಂತ.

ಎರಡನೇ ಏಕಾದಶಿಯೂ ದಾಟಿತು. ನಿನ್ನೆ ಸಂಜೆ ಕ್ಯಾಲೆಂಡರು ಮತ್ತೆ ಚೀಲ ಸೇರಿತು, ಈ ಸಲ ಮಗಳೂ ಬಂದಳು. ಡಾಕ್ಟರಮ್ಮ ಕೆಂಪು ಸುತ್ತುಗಳನ್ನು ನೋಡಿದರು, ಮಲಗಿಸಿ ಬಿಪಿ ನೋಡಿದರು, ನಿಲ್ಲಿಸಿ ಬಿಪಿ ನೋಡಿದರು, ಎದೆಯ ಕಾಗದ ತೆಗೆದರು. ನಾನು ಉಸಿರು ಹಿಡಿದು ಕೂತಿದ್ದೆ. ಅವರೇ, "ಉಸಿರಾಡಿ ಅಜ್ಜಿ, ಇಲ್ದಿದ್ರೆ ಅದಕ್ಕೂ ಮಾತ್ರೆ ಕೊಡ್ಬೇಕಾಗುತ್ತೆ" ಅಂದರು. ಆಮೇಲೆ ಹೇಳಿದರು:

"ನೀರು ಹಾಕಿ."

ನಾನು ಥಟ್ಟನೆ ಎದ್ದು ನಿಂತೆ.

"ಇದ್ನೇ! ಇದ್ನೇ ಮಾಡ್ಬಾರ್ದು ಅನ್ನೋದು!" ಅಂತ ಕೂಗಿದರು. "ಈ ಮಾತ್ರೆ ತಗೊಳ್ಳೋರು ಹೀಗೆ ಏಳ್ಬಾರ್ದು. ನೆಲದ ಮೇಲೆ ಕೂತು, ಬಿಸಿನೀರಿನ ಆವಿ ಬೇರೆ. ಏಳೋಕೆ ಮುಂಚೆ ಎರಡು ನಿಮಿಷ ಕೂತಿರಿ, ಗೋಡೆ ಹಿಡ್ಕೊಂಡು ನಿಧಾನಕ್ಕೆ ಏಳಿ. ಮಗೂನ ಕಾಲ್ಮೇಲೆ ಇಡೋದು ಬೇರೆಯವರು, ಎತ್ಕೊಳ್ಳೋದು ಬೇರೆಯವರು. ಮಗು ಕೈಯಲ್ಲಿದ್ದಾಗ ನೀವು ಏಳೋ ಹಾಗೇ ಇಲ್ಲ. ಒಪ್ಪಿಗೇನಾ?"

ಅವರು ತಲೆಕೆಳಗಾಗಿ ನಿಲ್ಲಿ ಅಂದಿದ್ದರೂ ಒಪ್ಪುತ್ತಿದ್ದೆ.

ಹಾಗೆ ಇವತ್ತು ಬೆಳಿಗ್ಗೆ ತಿಂಡಿ ತಿಂದು, ಮಾತ್ರೆ ನುಂಗಿ, ಕ್ಲಿಪ್ಪಿಗೆ ಬೆರಳು ಕೊಟ್ಟು, ಅರವತ್ತಾರು ಅಂತ ಬರೆದು, ಎಂಟು ವರ್ಷದ ತಂಬಿಗೆಯನ್ನು ಬಿಚ್ಚಿದೆ. ಮಣೆಯ ಮೇಲೆ ಕಾಲು ಚಾಚಿದೆ. ಅಕ್ಕಿಪೇಟೆಯವಳು ಮಗುವನ್ನು ತಂದು ನನ್ನ ಕಾಲಿನ ಮೇಲೆ ಇಟ್ಟು, ಹೊರಗೆ ಹೋಗಿ ನನ್ನ ಸ್ಟೂಲಿನ ಮೇಲೆ ಕೂತಳು.

"ಕಿವಿಗೆ ನೀರು ಓಯ್ತದೆ ಕಣಮ್ಮಾ!" ಅಂತ ಕೂಗಿದಳು.

ಮಗುವಿನ ಬೆನ್ನು ನನ್ನ ಅಂಗೈಯಷ್ಟೇ ಇದೆ. ಎಣ್ಣೆ ಹಚ್ಚಿದಾಗ ಪಾದದ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಕೊನೆಯ ತಂಬಿಗೆಯನ್ನು ಮಗುವಿಗೆ ನಿವಾಳಿಸಿ ಚೆಲ್ಲಿದಾಗ ನನ್ನ ಎದೆ ಸ್ವಲ್ಪ ಜೋರಾಗಿಯೇ ಹೊಡೆದುಕೊಂಡಿತು. ಮಾತ್ರೆ ಅದನ್ನು ತಡೆಯಲಿಲ್ಲ, ಒಳ್ಳೆಯದಾಯಿತು. ಮಗುವನ್ನು ಎತ್ತಿಕೊಂಡು ಹೋದರು. ನಾನು ಎರಡು ನಿಮಿಷ ಅಲ್ಲೇ ಕೂತಿದ್ದೆ. ಗೋಡೆ ಗೋಡೆಯ ಹಾಗೇ ನಿಂತಿತ್ತು.

ಸಂಜೆಗೆ ಎಲ್ಲರನ್ನೂ ಕರೆದೆ. ಗಂಡುಮಕ್ಕಳು, ಸೊಸೆಯರು, ಮೂವರು ಮೊಮ್ಮಕ್ಕಳು ಬಂದರು. ಅಕ್ಕಿಪೇಟೆಯವಳು ಹೊಸ ಸೀರೆ ಉಟ್ಟು ಬಂದಳು. ಅಳಿಯ ಮಲ್ಲೇಶ್ವರದಿಂದ ಐದಕ್ಕೆ ಹೊರಟವನು ಏಳಕ್ಕೆ ಬಂದ. ಹಜಾರದಲ್ಲಿ ಎದುರುಬದುರು ಬಾಳೆಲೆ ಹಾಕಿದೆವು. ಕೋಸಂಬರಿ, ಹುರುಳಿಕಾಯಿ ಪಲ್ಯ, ಮಜ್ಜಿಗೆಹುಳಿ, ಶ್ಯಾವಿಗೆ ಪಾಯಸ, ಬಾಣಂತಿಗೆ ಬೇರೆ ಮೆಣಸಿನ ಸಾರು. ಮಗು ಎರಡು ಸಾಲಿನ ನಡುವೆ ತೊಟ್ಟಿಲಲ್ಲಿ ಮಲಗಿತ್ತು. ನಾನೂ ಎಲ್ಲರ ಜೊತೆ ಕೂತು ಊಟ ಮಾಡುತ್ತಿದ್ದೆ, ನನ್ನನ್ನು ಬಡಿಸಲು ಬಿಟ್ಟಿರಲಿಲ್ಲ. ಅಳಿಯನ ಎಲೆಯಲ್ಲಿ ಪಾಯಸ ಖಾಲಿಯಾದದ್ದು ಕಂಡು, ಅಭ್ಯಾಸಬಲದಿಂದ ನೆಲಕ್ಕೆ ಕೈ ಊರಿದೆ.

"ನಿಧಾನ!" ಅಂದರು, ಹನ್ನೊಂದು ಜನವೂ ಒಂದೇ ಸಲ.

ತೊಟ್ಟಿಲಲ್ಲಿ ಮಗು ಬೆಚ್ಚಿಬಿದ್ದು ಕಣ್ಣು ಬಿಟ್ಟಿತು. ಎಲ್ಲರೂ ಕೈಯಲ್ಲಿ ತುತ್ತು ಹಿಡಿದು ಸುಮ್ಮನಾದರು. ಅದು ಒಂದು ಸಲ ಆಕಳಿಸಿ ಮತ್ತೆ ಮಲಗಿತು. ನಾನು ಕೂತಲ್ಲೇ ಕೂತೆ.

"ನಾಳೆ ಬೆಳಿಗ್ಗೆ ಒಂದೇ ಮಾತ್ರೆ," ಅಂದರು ಯಜಮಾನರು, ಮೆಲ್ಲಗೆ. "ಇವತ್ತು ಖುಷಿ ಜಾಸ್ತಿಯಾಯ್ತು ಅಂತ ಎರಡು ತಗೋಬೇಡ."

ಕಿರಿಯ ಸೊಸೆ ಪಾತ್ರೆ ತಂದು ಅಳಿಯನ ಎಲೆಗೂ ನನ್ನ ಎಲೆಗೂ ಪಾಯಸ ಬಡಿಸಿದಳು. ತುಪ್ಪದಲ್ಲಿ ಹುರಿದ ಗೋಡಂಬಿ ಮೇಲೆ ತೇಲುತ್ತಿತ್ತು. ಎಲ್ಲರೂ ಊಟ ಮುಂದುವರಿಸಿದೆವು.